ಹೀಟರಿನೊಳಗಿನ ಅರಿಶಿನ

ಅಮ್ಮನಿಗೆ ವಾರಕ್ಕೆರಡು ಸಲ ಹಾಸನದಲ್ಲಿ ಡಯಾಲಿಸಿಸ್ ಆಗಬೇಕು ಎಂದು ಗೊತ್ತಾದಾಗ, ಕರೆದುಕೊಂಡು ಹೋಗುವವರು ಯಾರು ಎಂಬ ಮಾತು ಬಂತು. ಅರಕಲಗೂಡಿನಲ್ಲಿರುವ ನನ್ನಣ್ಣ ಗಂಟಲು ಸರಿಮಾಡಿಕೊಂಡು ತನ್ನ ಹಳೆಯ ಕಾರಿನ ಕೀಲಿಕೈಯನ್ನು ನನ್ನ ಮುಂದಿಟ್ಟ. "ಅಮ್ಮ ಎಂಗೂ ಚನ್ನರಾಯಪಟ್ಟಣದಾಗೆ ನಿನ್ ಜೊತೇಲೇ ಅವಳೆ. ನೀನೇ ಕರ್ಕೊಂಡೋಗು, ಕಾರು ನಿಂದೇ. ಈಟ್ರು ಐತೆ ಕಣಮ್ಮಿ, ಬೆಚ್ಚುಗೆ ಓಗ್ಬರ್ಬೋದು" ಎಂದ. ಆಮೇಲೆ ಸಿಕ್ಕ ನೆಂಟರಿಗೆಲ್ಲ ಅಮ್ಮನಿಗಾಗಿ ಕಾರನ್ನೇ ಕೊಟ್ಟೆ ಎಂದು ಡಂಗುರ ಸಾರಿದ.

ಡಯಾಲಿಸಿಸ್ ಮುಗಿಸಿ ಹೊರಬಂದ ಅಮ್ಮ ಬೇಸಿಗೆಯಲ್ಲೂ ನಡುಗುತ್ತಾಳೆ. ಮಾಗಿಯ ಚಳಿಯಲ್ಲಂತೂ ಅವಳ ಹಲ್ಲು ಕಟಕಟಿಸುವುದು ನನಗೆ ಕೇಳುತ್ತಿತ್ತು. ಹೀಟರ್ ಮಾತ್ರ ಮನಸ್ಸು ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಅಣ್ಣನಿಗೆ ಫೋನ್ ಮಾಡಿದೆ. "ನನ್ ಕೈಲಿದ್ದಾಗ ಬೆಂಕಿ ಅಂಗೆ ಬತ್ತಿತ್ತು. ಎಂಗುಸ್ರು ಕೈಗೆ ಗಾಡಿ ಕೊಟ್ರೆ ಇಂಗೇ ಕಣ" ಎಂದು ನಕ್ಕ. ಆ ನಗುವನ್ನು ಬಡ್ಡಿ ಸಮೇತ ತೀರಿಸುತ್ತೇನೆ ಎಂದು ಅವತ್ತೇ ಹಲ್ಲು ಕಚ್ಚಿದೆ.

ಇನ್ನೂ ಹೊಟ್ಟೆ ಉರಿಸಿದವಳು ಅಮ್ಮ. ಶಾಲಿನೊಳಗೆ ಮುದುಡಿಕೊಂಡೇ ಮಗನ ಪರ ವಕಾಲತ್ತು ವಹಿಸುವಳು. "ಅವುನ್ದೇನ್ ತಪ್ಪು ಬುಡವ್ವ. ಓದ್ ಗೌರಿ ಅಬ್ಬಕ್ಕೆ ಅಂಗ್ಡಿ ಅರಿಶಿನ ಬ್ಯಾಡ, ನೀನು ಕುಟ್ಟಿದ್ದೇ ಬೇಕು ಅಂತ ಇಸ್ಕಂಡೋದ. ನನ್ ಕೈಯಿಂದು ಅಂದ್ರೆ ಅಷ್ಟಾಸೆ ಅವುನ್ಗೆ." ತಾನೇ ಬೇಯಿಸಿ, ಒಣಗಿಸಿ, ಕುಟ್ಟಿಟ್ಟಿದ್ದ ಅರಿಶಿನದ ಡಬ್ಬವನ್ನು ಅವಳು ಪೂರ್ತಿ ಕೊಟ್ಟುಕಳಿಸಿದ್ದಳು. ಈ ಕತೆಯನ್ನು ಆಸ್ಪತ್ರೆಯ ನರ್ಸಿಗೂ ಹೇಳಿದ್ದಾಳೆ. ಅಮ್ಮ ಬೆಚ್ಚಗಿರಬೇಕು, ಮತ್ತೆಂದೂ ಅವನ ಪರ ಮಾತಾಡಬಾರದು. ನನಗೆ ಬೇಕಾಗಿದ್ದುದು ಇಷ್ಟೇ.

ಹೀಟರನ್ನು ಗಮನಿಸತೊಡಗಿದೆ. ಹೆದ್ದಾರಿಯಲ್ಲಿ ಓಡುವಾಗ ಬಿಸಿಗಾಳಿ. ಟೋಲ್ ಗೇಟಿನಲ್ಲಿ ನಿಂತ ಕೂಡಲೇ ತಣ್ಣಗೆ. ಫ್ಯಾನ್ ಸರಿಯಾಗೇ ತಿರುಗುತ್ತಿತ್ತು. ಎಂಜಿನ್ನಿನ ಬಿಸಿನೀರು ಹೀಟರಿಗೆ ಹರಿದರೆ ತಾನೇ ಗಾಳಿ ಬಿಸಿಯಾಗುವುದು? ಎಂಜಿನ್ ಜೋರಾಗಿ ತಿರುಗಿದಾಗ ಮಾತ್ರ ಆ ನೀರು ಹೇಗೋ ನುಗ್ಗಿ ಹೋಗುತ್ತಿದೆ, ನಡುವೆ ಏನೋ ಅಡ್ಡ ಕೂತಿದೆ ಎನಿಸಿತು.

ಒಂದು ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ರೇಡಿಯೇಟರಿನ ಮುಚ್ಚಳ ತೆಗೆದೆ. ನೀರು ಕೆಳಗಿಳಿದಿತ್ತು. ಮುಚ್ಚಳದ ಒಳಗೆ ಹಳದಿ ಲೋಳೆ. ಹೀಟರಿಗೆ ಹೋಗುವ ಎರಡು ರಬ್ಬರ್ ಪೈಪು ಬಿಚ್ಚಿ, ಗಿಡಕ್ಕೆ ನೀರು ಬಿಡುವ ಪೈಪು ಸಿಕ್ಕಿಸಿ ನಲ್ಲಿ ತಿರುಗಿಸಿದೆ. ಮೊದಲು ತೊಟ್ಟು ತೊಟ್ಟು, ಆಮೇಲೆ ಬಳಬಳನೆ ಹಳದಿ ಗಸಿ ಇಳಿಯಿತು.

ಅರಿಶಿನ! ದಾರಿಯಲ್ಲಿ ರೇಡಿಯೇಟರ್ ಸೋರಿದರೆ ಒಂದಿಷ್ಟು ಅರಿಶಿನ ಸುರಿದು ತೂತು ಮುಚ್ಚುವುದು ನಮ್ಮ ಕಡೆಯ ಡ್ರೈವರುಗಳ ಹಳೆಯ ಉಪಾಯ. ಊರು ಮುಟ್ಟುವುದಕ್ಕೆ ಸಾಕು. ಈ ಮಹಾಶಯ ರಿಪೇರಿಯನ್ನೇ ಅದರಲ್ಲಿ ಮುಗಿಸಿದ್ದ. ಅದು ತೂತಿನ ಜೊತೆಗೆ ಹೀಟರಿನ ಸಣ್ಣ ನಾಳಗಳನ್ನೂ ಮುಚ್ಚಿತ್ತು. ರೇಡಿಯೇಟರನ್ನೂ ತೊಳೆದ ಮೇಲೆ ಅದು ಬಾಯಿಬಿಟ್ಟು ಸೋರತೊಡಗಿತು. ಹಾಸನದಲ್ಲಿ ಹೊಸದು ಹಾಕಿಸಿ, ಕೂಲಂಟ್ ತುಂಬಿಸಿದೆ. ಅಂದಿನಿಂದ ಟೋಲ್ ಗೇಟಿನಲ್ಲೂ ಬಿಸಿಗಾಳಿ. ಹಳದಿ ಗಸಿಯನ್ನು ಮಾತ್ರ ಚೆಲ್ಲದೆ ಒಂದು ಬಾಟಲಿಗೆ ತುಂಬಿಟ್ಟುಕೊಂಡೆ.

ಭಾನುವಾರ ಅಮ್ಮನನ್ನು ಅರಕಲಗೂಡಿಗೆ ಕರೆದೊಯ್ದೆ. ಊಟಕ್ಕೆ ಕೂತಾಗ ಅಣ್ಣ, "ಏನಮ್ಮಿ, ಈಟ್ರು ಆಕೋದ್ ಕಲ್ತ್ಯಾ?" ಎಂದು ಕೆಣಕಿದ. ನಾನು ಪಾಯಸ ಕುಡಿದೆ. ಹೊರಡುವಾಗ ಅತ್ತಿಗೆ ಅರಿಶಿನ ಕುಂಕುಮದ ತಟ್ಟೆ ತಂದರು. ಮನೆಗೆ ಬಂದ ಮುತ್ತೈದೆಗೆ ಅದನ್ನು ಕೊಡದೆ ಕಳಿಸುವಂತಿಲ್ಲ, ಬಂದವಳು ಬೇಡ ಎನ್ನುವಂತೆಯೂ ಇಲ್ಲ. ನಾನು ಬೇಡ ಎಂದೆ.

"ನಿಮ್ಮನೆ ಅರಿಶಿನ ನನ್ ಕಾರ್ನಾಗೇ ಬೇಕಾದಷ್ಟಿತ್ತು ಅತ್ಗೆ" ಎಂದು ಬಾಟಲಿಯನ್ನು ಆ ತಟ್ಟೆಯಲ್ಲೇ ಇಟ್ಟು, ರೇಡಿಯೇಟರಿನ ಕತೆಯನ್ನೆಲ್ಲ ಬಿಡಿಸಿ ಹೇಳಿದೆ. ಅಣ್ಣ ಇಂಗು ತಿಂದ ಮಂಗನಂತಾದ. ಆ ಮುಖವನ್ನು ಕಣ್ತುಂಬ ನೋಡಿದೆ. ಪಾಯಸಕ್ಕಿಂತ ರುಚಿಯಾಗಿತ್ತು.

ಅಷ್ಟರಲ್ಲಿ ಅತ್ತಿಗೆ ಬಾಯಿ ಮೇಲೆ ಕೈಯಿಟ್ಟುಕೊಂಡರು. "ಅಯ್ಯೋ, ಅತ್ತೆ ಕೊಟ್ಟಿದ್ ಅರಿಶಿನಾನಾ ಗಾಡಿಗ್ ಸುರುದ್ಬುಟ್ರಿ? ಅಬ್ಬದ್ ದಿನ ಡಬ್ಬ ಖಾಲಿ ಇತ್ತು. ನಾನು ಅಂಗ್ಡೀದ್ರಲ್ಲೇ ಪೂಜೆ ಮಾಡ್ದೆ."

ನಾನು ಹೂಡಿದ್ದ ಬಾಣ ಇದಲ್ಲ. ಅಮ್ಮ ಮಗನ ಮುಖವನ್ನೇ ನೋಡಿದಳು. "ಔದೇನ್ಲಾ?" ಎಂದಳು. ಅವನು ಬಾಟಲಿಯನ್ನು ತಟ್ಟೆಯಿಂದ ತೆಗೆದು ಬೆನ್ನ ಹಿಂದೆ ಇಟ್ಟುಕೊಂಡ.

ಹೊಳೆನರಸೀಪುರ ದಾಟುವವರೆಗೂ ಅಮ್ಮ ಶಾಲು ಹೊದ್ದು ಮುದುಡಿ ಕೂತಿದ್ದಳು. ನನಗೆ ಅವಳನ್ನು ನೋಡಿ ಸಂಕಟವಾಗುತ್ತಿತ್ತು, ಅವನ ಮೇಲಿನ ಸಿಟ್ಟು ಇಮ್ಮಡಿಯಾಗುತ್ತಿತ್ತು. ಆಗ ನನ್ನ ಫೋನ್ ಹೊಡೆದುಕೊಂಡಿತು. ಅಣ್ಣ. ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದೆ. ಅವನ ಕರೆ ಎಂದರೆ ನನ್ನ ಕೈಯಿಂದ ಫೋನ್ ಕಿತ್ತುಕೊಳ್ಳುವವಳು ಅಮ್ಮ. ಇವತ್ತು ಮೈಮೇಲಿನ ಶಾಲು ತೆಗೆದು ಮಡಿಸಿ ತೊಡೆಯ ಮೇಲಿಟ್ಟುಕೊಂಡಳು.

"ಅಮ್ಮ ಮಲ್ಗವ್ಳೆ ಅನ್ನು" ಎಂದಳು.

ಹಾಗೇ ಹೇಳಿದೆ. ನಿಂತ ಗಾಡಿಯಲ್ಲೂ ಬಿಸಿಗಾಳಿ ಬರುತ್ತಲೇ ಇತ್ತು.