ನೆರೆಕಲ್ಲು ಮತ್ತು ನಮ್ಮ ಮಾಷ್ಟ್ರು

ನಮ್ಮ ಮಾಷ್ಟ್ರ ಬಲಗೈಯ ತೋರುಬೆರಳು ನೆಟ್ಟಗಿರಲಿಲ್ಲ. ಚಿಕ್ಕಂದಿನಲ್ಲಿ ಮಾವಿನ ಮರದಿಂದ ಬಿದ್ದು ಮುರಿದದ್ದು, ಕೂಡಿಕೊಳ್ಳುವಾಗ ಎಡಕ್ಕೆ ವಾಲಿ ಕೂಡಿಕೊಂಡಿತ್ತು. ಹಾಗಾಗಿ ತರಗತಿಯಲ್ಲಿ "ನೀನು ಹೇಳು" ಎಂದು ಅವರು ನನ್ನತ್ತ ಬೆರಳು ಮಾಡಿದರೆ ಪಕ್ಕದಲ್ಲಿ ಕೂತವಳು ಎದ್ದು ನಿಲ್ಲುತ್ತಿದ್ದಳು. ಓದಿ ಬಾರದ ದಿನ ನಾವು ಇದರ ಲಾಭವನ್ನೂ ಪಡೆಯುತ್ತಿದ್ದೆವು. "ನನಗಾ ಸಾರ್, ಇವಳಿಗಾ?" ಎಂದು ಕೇಳುತ್ತಾ ಗಂಟೆ ಹೊಡೆಯುವವರೆಗೆ ಎಳೆಯುವುದು. ಅವರಿಗೇನು ಗೊತ್ತಾಗುತ್ತಿರಲಿಲ್ಲವೇ? "ಇಬ್ಬರೂ ಹೇಳಿ. ಯಾರದ್ದು ಸರಿ ಅಂತ ಆಮೇಲೆ ನೋಡುವ" ಎನ್ನುತ್ತಿದ್ದರು.

ಇದು ಐವತ್ತರ ದಶಕದ ಕೊನೆಯ ಮಾತು. ನರಿಕೊಂಬಿನ ಆಚೆ, ನೇತ್ರಾವತಿಯ ಬದಿಯಲ್ಲಿ ನಮ್ಮ ಊರು. ಹೈಸ್ಕೂಲು ಆಗಷ್ಟೇ ಬಂದಿತ್ತು, ಕಟ್ಟಡ ಬಂದಿರಲಿಲ್ಲ. ಮುಚ್ಚಿದ ಅಕ್ಕಿ ಮಿಲ್ಲಿನ ಚಾವಡಿಯಲ್ಲಿ ನಮ್ಮ ತರಗತಿ. ತೌಡಿನ ವಾಸನೆ ಗೋಡೆಯಿಂದ ಹೋಗಿರಲಿಲ್ಲ, ಮಧ್ಯಾಹ್ನದ ಹೊತ್ತಿಗೆ ಹಸಿವೆ ಇನ್ನಷ್ಟು ಕೆರಳುತ್ತಿತ್ತು. ಮಾಷ್ಟ್ರು ನಮಗೆ ಚರಿತ್ರೆ ಕಲಿಸುತ್ತಿದ್ದರು. ಮೂಡುಬಿದಿರೆಯ ಹತ್ತಿರದ ಪುತ್ತಿಗೆಯವರು. ವಾರವಿಡೀ ನಮ್ಮೂರಿನಲ್ಲಿ ಒಂದು ಕೋಣೆ ಹಿಡಿದು ಇದ್ದು, ಶನಿವಾರ ಮಧ್ಯಾಹ್ನದ ಬಸ್ಸಿಗೆ ಮನೆಗೆ ಹೋಗುವವರು.

"ಎಲ್ಲರೂ ಹೇಳ್ತಾರೆ ಸಾರ್" ಎಂದು ಅವರೆದುರು ಹೇಳಿದವರು ಕೆಟ್ಟರು. "ಎಲ್ಲರೂ ಅಂದ್ರೆ ಯಾರು? ಒಬ್ಬನ ಹೆಸರು ಹೇಳು ನೋಡುವ. ಅವನು ಕಣ್ಣಲ್ಲಿ ಕಂಡದ್ದಾ, ಇನ್ನೊಬ್ಬ ಹೇಳಿ ಕೇಳಿದ್ದಾ?" ಒಮ್ಮೆ ಕಲ್ಲಡ್ಕದ ಕಡೆ ಹುಲಿ ಬಂದಿದೆ ಎಂಬ ಗುಲ್ಲೆದ್ದು, ಅರ್ಧ ಮಕ್ಕಳು ಶಾಲೆಗೇ ಬರಲಿಲ್ಲ. ಮಾಷ್ಟ್ರು ಸಂಜೆ ಕೊಡೆ ಹಿಡಿದು ಹೊರಟರು. ಹೇಳಿದವನನ್ನು ಹಿಡಿದು, ಅವನಿಗೆ ಹೇಳಿದವನನ್ನು ಹಿಡಿದು, ಕಡೆಗೆ ಕಲ್ಲಡ್ಕದ ಹೋಟೆಲಿನಲ್ಲಿ ಮೂಲಪುರುಷ ಸಿಕ್ಕಿದನಂತೆ. ಅವನು ಕಂಡದ್ದು ಮುಸ್ಸಂಜೆಯಲ್ಲಿ ಹಟ್ಟಿಯ ಹಿಂದೆ ಓಡಿದ ಒಂದು ಬಾಲ. "ನಾಯಿಯದ್ದೂ ಆಗಿರಬಹುದು ಅಂತ ಅವನೇ ಹೇಳಿದ ಮಾರಾಯ್ರೆ. ಉಳಿದ ಹುಲಿಯನ್ನೆಲ್ಲ ದಾರಿಯವರು ಸೇರಿಸಿದ್ದು" ಎಂದು ಮರುದಿನ ತರಗತಿಯಲ್ಲಿ ಹೇಳಿದಾಗ ನಾವು ಬಿದ್ದು ಬಿದ್ದು ನಕ್ಕೆವು.

ಬರೆದದ್ದನ್ನೂ ಅವರು ಸುಮ್ಮನೆ ಒಪ್ಪುತ್ತಿರಲಿಲ್ಲ. ಹುಡುಗನಾಗಿದ್ದಾಗ ಮೂಡುಬಿದಿರೆಯಲ್ಲಿ ಓಲೆಗರಿ ನಕಲು ಮಾಡುವ ಒಬ್ಬ ಮುದುಕರ ಪಕ್ಕ ಗಂಟೆಗಟ್ಟಲೆ ಕೂರುತ್ತಿದ್ದರಂತೆ. "ಮಧ್ಯಾಹ್ನ ಊಟ ಆದ ಮೇಲೆ ಅವರಿಗೆ ತೂಕಡಿಕೆ ಬರ್ತಿತ್ತು. ಒಂದು ಸಾಲು ಹಾರ್ತಿತ್ತು. ನೂರಾರು ವರ್ಷ ಆದ ಮೇಲೆ ಪಂಡಿತರು ಆ ಹಾರಿದ ಜಾಗದಲ್ಲಿ ಕೂತು ಅರ್ಥ ಹುಡುಕ್ತಾರೆ!" ಎಂದು ಹೇಳಿ ತಾವೇ ಮೊದಲು ನಗುತ್ತಿದ್ದರು. ನಮ್ಮ ಪಠ್ಯಪುಸ್ತಕದ ಅಂಚಿನಲ್ಲೂ ಪೆನ್ಸಿಲಿನಿಂದ ಪ್ರಶ್ನೆ ಚಿಹ್ನೆ ಹಾಕಿಸುತ್ತಿದ್ದರು. ಇನ್ಸ್‌ಪೆಕ್ಟರು ಬಂದ ದಿನ ಮಾತ್ರ ಅದನ್ನು ಉಜ್ಜಿ ಅಳಿಸುವ ಕೆಲಸ ನಮ್ಮದು.

ನಾನು ಎಸ್ಸೆಸ್ಸೆಲ್ಸಿ ವರ್ಷದಲ್ಲಿದ್ದಾಗ ಜಿಲ್ಲೆಯ ಪ್ರಬಂಧ ಸ್ಪರ್ಧೆಗೆ 'ನಮ್ಮ ಊರಿನ ಒಂದು ಘಟನೆ' ಎಂಬ ವಿಷಯ ಬಂತು. ಮಾಷ್ಟ್ರು ನನ್ನನ್ನು ಆರಿಸಿ, "ದೊಡ್ಡ ಬೊಳ್ಳದ ಬಗ್ಗೆ ಬರೆ" ಎಂದರು. ಬೊಳ್ಳ ಎಂದರೆ ತುಳುವಿನಲ್ಲಿ ನೆರೆ. ನಮ್ಮ ಅಜ್ಜಿಯ ಯೌವನದಲ್ಲಿ ನೇತ್ರಾವತಿ ಉಕ್ಕಿ ಊರನ್ನೇ ನುಂಗಿದ ಕಥೆ ಕೇಳದ ಮಕ್ಕಳೇ ಇರಲಿಲ್ಲ. ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಕೇಳಿಕೊಂಡು ಬಾ ಎಂದರು. ಮನೆ ಮನೆ ಸುತ್ತಿದೆ. ಒಬ್ಬರು ಹೊಸ್ತಿಲು ಅಂದರು, ಒಬ್ಬರು ಮಾಡಿನ ಹಂಚು ಅಂದರು. ನಮ್ಮ ಅಜ್ಜಿಯಂತೂ "ಮೇಲಿನ ಹಿತ್ತಿಲಿನ ಹಲಸಿನ ಕೊಂಬೆಗೆ ದೋಣಿ ಕಟ್ಟಿದ್ದಲ್ಲವಾ!" ಎಂದು ಎದೆ ತಟ್ಟಿ ಹೇಳಿದಳು.

ಇದು ಬರೀ ಪ್ರಬಂಧದ ಸಂಗತಿಯಾಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅದೇ ಹೊತ್ತಿಗೆ ಗುತ್ತಿನ ಯಜಮಾನರು, ಅಂದರೆ ನಮ್ಮೂರಿನ ದೊಡ್ಡ ಭೂಮಾಲೀಕರು, ಹೈಸ್ಕೂಲಿನ ಕಟ್ಟಡಕ್ಕೆ ನದಿಬದಿಯ ಸಮತಟ್ಟು ಜಾಗವನ್ನು ದಾನ ಕೊಡಲು ಮುಂದಾಗಿದ್ದರು. ಅವರೇ ಶಾಲಾ ಕಮಿಟಿಯ ಅಧ್ಯಕ್ಷರು. ಅಲ್ಲಿಗೆ ನೆರೆ ಬಂದಿತ್ತಾ ಎಂಬ ಪ್ರಶ್ನೆ ಕೆಲವು ತಂದೆ ತಾಯಿಯರಿಗಿತ್ತು. ಕಮಿಟಿಯವರು ಮಾಷ್ಟ್ರನ್ನೇ ಕೇಳಿದರು, ಚರಿತ್ರೆಯವರು ನೀವು, ನೋಡಿ ಹೇಳಿ ಎಂದು. ಹೆಡ್‌ಮಾಷ್ಟ್ರು ಆ ವರ್ಷ ನಿವೃತ್ತರಾಗುವವರಿದ್ದರು, ಮುಂದಿನವರು ನಮ್ಮ ಮಾಷ್ಟ್ರೇ ಎಂದು ಊರಿಗೆಲ್ಲ ಗೊತ್ತಿತ್ತು.

ಮಾಷ್ಟ್ರು ಅಷ್ಟೂ ಬಾಯಿಮಾತನ್ನು ಬದಿಗಿಟ್ಟು, ಪೇಟೆಯ ಜೀನಸಿನ ಅಂಗಡಿಯ ಧನಿಗಳ ಗೋದಾಮಿನ ಎದುರು ಹೋಗಿ ನಿಂತರು. ಅದರ ಕೆಂಪು ಮುರಕಲ್ಲಿನ ಗೋಡೆಯಲ್ಲಿ ಒಂದು ಕರಿಕಲ್ಲು. ಅದರ ಮೇಲೆ ಒಂದು ಗೀಟು, 'ನೆರೆಯ ನೀರು ಇಲ್ಲಿಯವರೆಗೆ ಬಂದದ್ದು' ಎಂಬ ಬರಹ. "ಇದು ಸಾಕ್ಷಿ" ಎಂದರು. "ಕಲ್ಲಿಗೆ ಮೊಮ್ಮಕ್ಕಳಿಲ್ಲ. ಕಥೆ ಹೇಳಿ ಯಾರನ್ನೂ ಮೆಚ್ಚಿಸ್ಲಿಕ್ಕೂ ಇಲ್ಲ." ಬಡಗಿಯಿಂದ ಮಟ್ಟ ನೋಡುವ ರಸಮಟ್ಟ ತರಿಸಿ, ಹಗ್ಗ ಹಿಡಿಸಿ, ಇಡೀ ತರಗತಿಯನ್ನು ಓಡಾಡಿಸಿ ಅಳೆದರು. ಯಜಮಾನರ ಜಾಗ ಆ ಗೀಟಿಗಿಂತ ಒಂದಾಳು ಎತ್ತರದಲ್ಲಿತ್ತು. ನೀರು ಬರಲಿಲ್ಲ ಎಂದು ಬರೆದು, ರುಜು ಹಾಕಿ ಕಮಿಟಿಗೆ ಕೊಟ್ಟರು. ಯಜಮಾನರು ತಾವೇ ಎದ್ದು ಬಂದು ಮಾಷ್ಟ್ರಿಗೆ ವೀಳ್ಯದ ತಟ್ಟೆ ಹಿಡಿದರಂತೆ.

ಮನೆಯಲ್ಲಿ ನಮ್ಮ ಅಜ್ಜಿ ಕೆಂಡವಾದಳು. "ನನ್ನನ್ನು ಸುಳ್ಳುಗಾರ್ತಿ ಮಾಡಿದ್ರಲ್ಲ ನಿನ್ನ ಮಾಷ್ಟ್ರು! ನಾಳೆಯಿಂದ ಆ ಕಲ್ಲಿನ ಹತ್ತಿರವೇ ಗಂಜಿ ಕೇಳಿ ಉಣ್ಣು" ಎಂದು ನನ್ನ ಮೇಲೆ ಹರಿಹಾಯ್ದಳು. ನನಗೂ ಸಿಟ್ಟು ಬಂತು. ಅಜ್ಜಿಯನ್ನು ನಾನು ಬೇಕಾದರೆ ಬೈಯಬಹುದು, ಬೇರೆಯವರು ಬೈಯಬಾರದು. ಆ ಕಲ್ಲಿನಲ್ಲಿ ಏನಾದರೂ ಕೊಂಕು ಹುಡುಕಿಯೇ ಸೈ ಎಂದು ಭಾನುವಾರ ಗೋದಾಮಿಗೆ ಹೋದೆ. ಬರಹ ಮಾತ್ರ ನೋಡಬೇಡ, ಬರಹ ಯಾವುದಕ್ಕೆ ಅಂಟಿಕೊಂಡಿದೆ ಅದನ್ನೂ ನೋಡು ಎಂದು ಕಲಿಸಿದ್ದು ಅವರೇ ತಾನೆ? ನೋಡಿದೆ. ಗೋದಾಮಿನ ಉಳಿದ ಮೂರು ಗೋಡೆಗಳ ಕಲ್ಲುಗಳ ನಡುವೆ ಮಣ್ಣು. ಈ ಗೋಡೆಯ ಕಲ್ಲುಗಳ ನಡುವೆ ಸಿಮೆಂಟು.

ಒಳಗೆ ಮೆಣಸು ತೂಗುತ್ತಿದ್ದ ಧನಿಗಳನ್ನು ಕೇಳಿದೆ. ಅವರು ಹೆಮ್ಮೆಯಿಂದಲೇ ಹೇಳಿದರು: "ಹಳೇ ಗೋಡೆ ಬಿದ್ದು ಹೋಯ್ತಲ್ಲ ಮಗಾ. ನಮ್ಮ ತಂದೆಯವರು ಹೊಸತು ಕಟ್ಟಿಸಿದ್ದು. ಆ ಕಲ್ಲು ಮೊದಲು ಮೇಲೆಲ್ಲೋ ಇತ್ತು, ಯಾರಿಗೆ ಓದ್ಲಿಕ್ಕೆ ಆಗ್ತದೆ ಅಲ್ಲಿ? ನಾಲ್ಕು ಜನ ಓದ್ಲಿ ಅಂತ ಕಣ್ಣೆದುರಿಗೆ ಇಳಿಸಿ ಇಟ್ರು."

ಸೋಮವಾರ ಪ್ರಾರ್ಥನೆಗೆ ಮೊದಲೇ ಮಾಷ್ಟ್ರಿಗೆ ಹೇಳಿದೆ. ಹೇಳುವಾಗ ಗೆದ್ದೆನೆಂಬ ಜಂಭ ಇತ್ತು, ಅವರ ಮುಖ ನೋಡಿದ ಮೇಲೆ ಅದು ಇಳಿಯಿತು. ಸಂಜೆ ನನ್ನೊಡನೆ ಗೋದಾಮಿಗೆ ಬಂದರು. ಕಲ್ಲಿನ ಸಂದಿಯನ್ನು ಉಗುರಿನಿಂದ ಕೆರೆದರು. "ಮೊದಲು ಎಷ್ಟು ಮೇಲೆ ಇತ್ತು?" ಎಂದು ಧನಿಗಳನ್ನು ಕೇಳಿದರು. "ಏಣಿ ಇಟ್ಟೇ ಓದ್ಬೇಕಿತ್ತು ಅಂತ ತಂದೆ ಹೇಳ್ತಿದ್ರು. ಎಷ್ಟು ಅಂತ ಈಗ ಯಾರಿಗೆ ಗೊತ್ತು ಮಾಷ್ಟ್ರೆ?" ಮಾಷ್ಟ್ರು ನನ್ನತ್ತ ತಿರುಗಿದರು. "ಕಲ್ಲಿನದ್ದು ತಪ್ಪಿಲ್ಲ ಮಾರಾಯ್ತಿ. ನಾನು ಅದನ್ನು 'ನೀನು ಎಲ್ಲಿಂದ ಬಂದಿ' ಅಂತ ಕೇಳ್ಳೇ ಇಲ್ಲ."

"ಹಾಗಾದ್ರೆ ಅಜ್ಜಿ ಹೇಳಿದ್ದೇ ಸರಿ ಅಲ್ವಾ ಸಾರ್?" ಎಂದೆ. ಅವರು ನೇರ ನಮ್ಮ ಮನೆಗೇ ಬಂದರು. ಅಂಗಳದಲ್ಲಿ ನಿಂತು ಅಜ್ಜಿಗೆ ಕೈಮುಗಿದು, ನಿಮ್ಮ ಮಾತನ್ನು ತಳ್ಳಿಹಾಕಿದ್ದಕ್ಕೆ ತಪ್ಪಾಯ್ತು ಎಂದರು. ಅಜ್ಜಿ ಹಿಗ್ಗಿ ಹೀರೆಕಾಯಿಯಾಗಿ ಬೆಲ್ಲ ನೀರು ತಂದಿಟ್ಟಳು. ನೀರು ಕುಡಿದು ಮುಗಿಸಿ ಮಾಷ್ಟ್ರು ಮೆಲ್ಲಗೆ ಕೇಳಿದರು: "ಆ ಬೊಳ್ಳದ ಸಮಯ ನೀವು ಇಲ್ಲೇ ಇದ್ದದ್ದಾ ಅಮ್ಮ?"

"ನಾನೆಲ್ಲಿ?" ಎಂದಳು ಅಜ್ಜಿ. "ನಾನು ಹೆರಿಗೆಗೆ ಬೆಳ್ತಂಗಡಿಯ ತಾಯಿಮನೆಯಲ್ಲಿ. ಅತ್ತೆ ಹೇಳಿದ್ದಲ್ಲವಾ ಇದೆಲ್ಲ!"

ಭೂಮಿ ಬಾಯಿಬಿಟ್ಟರೆ ಒಳಗೆ ಹೋಗಿಬಿಡೋಣ ಅನ್ನಿಸಿತು ನನಗೆ. ಮಾಷ್ಟ್ರು ನಗಲಿಲ್ಲ. ಲೋಟವನ್ನು ಕವುಚಿಟ್ಟು, ಬರ್ತೇನೆ ಅಮ್ಮ ಎಂದು ಹೊರಟರು.

ಅವರ ಹಿಂದೆಯೇ ಗೇಟಿನವರೆಗೆ ಓಡಿದೆ. "ಸಾರ್, ಕಮಿಟಿಯಲ್ಲಿ ಹೇಳ್ಬೇಡಿ. ಯಾರಿಗೂ ಗೊತ್ತಿಲ್ಲ. ನಾನೂ ಹೇಳುವುದಿಲ್ಲ. ಹೆಡ್‌ಮಾಷ್ಟ್ರ ಕೆಲಸ ಹೋದರೆ..." ನನಗೆ ಅಳು ಬಂತು. ಅವರು ಸಿಡುಕಿದರು. ಅವರು ನನ್ನ ಮೇಲೆ ಸಿಡುಕಿದ್ದು ಅದೊಂದೇ ಸಲ. "ಹುಡುಗಿ, ಆ ಜಾಗದಲ್ಲಿ ಕೂರುವುದು ಕಮಿಟಿಯಲ್ಲ, ಮಕ್ಕಳು. ನೀನು ಕಂಡದ್ದನ್ನು ಕಾಣ್ಲಿಲ್ಲ ಅಂತ ನಾನು ಹೇಳ್ಬೇಕಾ?"

ಆ ವಾರದ ಸಭೆಗೆ ಮಿಲ್ಲಿನ ಚಾವಡಿ ತುಂಬಿತ್ತು. ನಾವು ಮಕ್ಕಳು ಕಿಟಕಿಗೆ ಜೋತುಬಿದ್ದಿದ್ದೆವು. ಮಾಷ್ಟ್ರು ಎದ್ದು, ಕಲ್ಲು ಜಾಗ ಬದಲಿಸಿದ್ದನ್ನು ಹೇಳಿ, ತಾವು ಬರೆದುಕೊಟ್ಟದ್ದನ್ನು ಹಿಂದೆಗೆದುಕೊಳ್ಳುತ್ತೇನೆ ಎಂದರು. ಯಜಮಾನರ ಮುಖ ಬಿಗಿಯಿತು. "ಹಾಗಾದ್ರೆ ನೀರು ನನ್ನ ಜಾಗಕ್ಕೆ ಬಂದಿತ್ತು ಅಂತಲಾ?"

"ಅದೂ ಗೊತ್ತಿಲ್ಲ."

"ಮತ್ತೆ ಎಷ್ಟು ಬಂದಿತ್ತು? ನೀವೇ ಹೇಳಿ."

"ಗೊತ್ತಿಲ್ಲ" ಎಂದರು ಮಾಷ್ಟ್ರು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಶಾಲೆಯ ಕನ್ನಡ ಅರ್ಥವಾಗಲಿಲ್ಲವೇನೋ ಎಂಬಂತೆ ಮಾಷ್ಟ್ರು ಅತ್ತ ತಿರುಗಿ ಅದನ್ನೇ ತುಳುವಿನಲ್ಲಿ ಹೇಳಿದರು: "ಎಂಕ್ ಗೊತ್ತುಜ್ಜಿ." ಆಮೇಲೆ ಯಜಮಾನರಿಗೆ, "ಗೊತ್ತುಂಟು ಅಂತ ರುಜು ಹಾಕಿದ್ದು ನಾನು. ಆ ರುಜು ನೋಡಿ ಯಾರೂ ಅಲ್ಲಿ ಅಡಿಗಲ್ಲು ಇಡ್ಬೇಡಿ" ಎಂದು ಕೂತರು.

"ಓದಿದವರ ಬಾಯಲ್ಲಿ ಎಂಥ ಮಾತು!" ಎಂದು ಯಜಮಾನರು ಶಾಲು ಹೊದ್ದು ಎದ್ದುಹೋದರು. ಅವರ ಹಿಂದೆ ಅರ್ಧ ಸಭೆಯೂ ಎದ್ದಿತು.

ದಾನ ನಿಂತಿತು. ಆಚೆ ವರ್ಷ ಹೆಡ್‌ಮಾಷ್ಟ್ರಾಗಿ ಹೊರಗಿನವರೊಬ್ಬರು ಬಂದರು. ಮಿಲ್ಲಿನ ಚಾವಡಿ ಬಿಟ್ಟ ಶಾಲೆ ಗುಡ್ಡದ ಮೇಲೆ ಮುಳಿಹುಲ್ಲಿನ ಮಾಡಿನಡಿಯಲ್ಲಿ ವರ್ಷಗಟ್ಟಲೆ ನಡೆಯಿತು. ಬಿಸಿಲಲ್ಲಿ ಗುಡ್ಡ ಹತ್ತುವ ಪ್ರತಿ ಮಗುವೂ, ಕೆಳಗಿನಿಂದ ಕೊಡಪಾನದಲ್ಲಿ ನೀರು ಹೊರುವ ಪ್ರತಿ ತಾಯಿಯೂ ಮಾಷ್ಟ್ರಿಗೆ ಶಾಪ ಹಾಕಿದರು. ಅವರಿಗೆ ಬೇಜಾರಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ನಾನೇ ಕೇಳಿದ್ದೇನೆ. "ಬೇಜಾರುಂಟು. ಹೆಡ್‌ಮಾಷ್ಟ್ರಾಗ್ಬೇಕು ಅಂತ ನನಗೆ ತುಂಬಾ ಆಸೆ ಇತ್ತು" ಎಂದಿದ್ದರು. ಆಗ ಅವರ ಕಣ್ಣನ್ನು ನೋಡಲು ನನ್ನಿಂದಾಗಲಿಲ್ಲ.

ನನ್ನ ಪ್ರಬಂಧದಲ್ಲಿ ಏನು ಬರೆಯುವುದೆಂದು ಕೇಳಿದಾಗ, "ಕಂಡದ್ದನ್ನು ಕಂಡೆ ಅಂತ ಬರೆ. ಕೇಳಿದ್ದನ್ನು ಯಾರಿಂದ ಕೇಳಿದ್ದು, ಅವರು ಆಗ ಎಲ್ಲಿದ್ರು ಅಂತ ಬರೆ. ಕಡೆಗೆ ಎಷ್ಟು ಅಂತ ಗೊತ್ತಾಗ್ಲಿಲ್ಲ ಅಂತ ಬರೆ" ಎಂದರು. ಹಾಗೆಯೇ ಬರೆದೆ. ಬಹುಮಾನ ಬರಲಿಲ್ಲ. ಮುಂದೆ ನಾನೂ ಚರಿತ್ರೆ ಓದಿ, ಚರಿತ್ರೆ ಕಲಿಸಿಯೇ ಅನ್ನ ತಿಂದೆ. ಒಂದು ಮಾತಿನ ಬೆನ್ನು ಹಿಡಿದು ಅದು ಹುಟ್ಟಿದ ಜಾಗದವರೆಗೆ ನಡೆಯುವುದನ್ನು ನನಗೆ ಬೇರೆ ಯಾವ ಕಾಲೇಜೂ ಕಲಿಸಲಿಲ್ಲ, ಎಲ್ಲ ಆ ತೌಡಿನ ವಾಸನೆಯ ಚಾವಡಿಯಲ್ಲೇ ಕಲಿತದ್ದು.

ನೇತ್ರಾವತಿ ಆಮೇಲೆ ಯಾವಾಗ, ಎಷ್ಟು ಏರಿದಳು ಎಂಬುದನ್ನು ನಾನು ಬೇಕೆಂದೇ ಇಲ್ಲಿ ಬರೆಯುವುದಿಲ್ಲ. ಓದುವವರಿಗೆ ಕುತೂಹಲ ಇರಬಹುದು, ಇರಲಿ. ಮಾಷ್ಟ್ರು ಬದುಕಿರುವವರೆಗೆ ಆ ಜಾಗಕ್ಕೆ ನೀರು ಬರಲಿಲ್ಲ, ಅಷ್ಟು ಸಾಕು.

ಅರವತ್ತರ ದಶಕದ ಕೊನೆಯಲ್ಲಿ, ನಿವೃತ್ತರಾಗಿ ಹೆಚ್ಚು ಸಮಯ ಆಗಿರಲಿಲ್ಲ, ಪುತ್ತಿಗೆಯ ಮನೆಯಲ್ಲಿ ಅವರು ತೀರಿಕೊಂಡರು. ಸುದ್ದಿ ತಿಳಿದು ಮೂಡುಬಿದಿರೆಗೆ ಬಸ್ಸು ಹಿಡಿದು ಹೋದೆ. ನಮ್ಮೂರಿನಿಂದಲೂ ನಾಲ್ಕೈದು ಜನ ಬಂದಿದ್ದರು. ಅಂಗಳದ ಬದಿಯಲ್ಲಿ ನಿಂತು ಪಿಸುಮಾತಿನಲ್ಲೇ ಮಾತಾಡಿಕೊಳ್ಳುತ್ತಿದ್ದರು. "ಪಾಪ, ಒಳ್ಳೆ ಮನುಷ್ಯ. ಬೊಳ್ಳ ಬರ್ತದೆ ಅಂತ ಸುಮ್ಮನೆ ಹೆದರಿಸಿ ಹೆಡ್‌ಮಾಷ್ಟ್ರ ಕೆಲಸ ಕಳ್ಕೊಂಡ್ರು. ಎಲ್ಲಿ ಬಂತು ನೀರು?" ಎಂದ ಒಬ್ಬ, ನನಗಿಂತ ಎರಡು ತರಗತಿ ಹಿಂದೆ ಓದಿದವನು.

ಸಾವಿನ ಮನೆಯಲ್ಲಿ ಹೆಂಗಸರು ಗಂಡಸರ ಮಾತಿಗೆ ಬಾಯಿ ಹಾಕುವ ಕಾಲವಲ್ಲ ಅದು. ನನ್ನಿಂದ ತಡೆಯಲಾಗಲಿಲ್ಲ. "ಬರ್ತದೆ ಅಂತ ಅವರು ಯಾವಾಗ ಹೇಳಿದ್ದು? ನೀನು ಕೇಳಿದ್ದಾ? ಗೊತ್ತಿಲ್ಲ ಅಂತ ಹೇಳಿದ್ದು ಅವರು" ಎಂದೆ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಗೊತ್ತಿಲ್ಲ ಅಂತ ಹೇಳ್ಲಿಕ್ಕೆ ಮಾಷ್ಟ್ರೇ ಬೇಕಾ ಅಕ್ಕ?"

"ಬೇಕು" ಎಂದೆ.