ತೆಲುಗಿನ ಎತ್ತು

ಮೇಲೂರಿನ ಹತ್ತಿರ ನಾನು ಸೈಕಲ್ಲಿಂದ ಹಾರಿ ಬೇಲಿಗೆ ಬಿದ್ದದ್ದು ಏಕೆ, ಹೇಳಿ ನೋಡೋಣ? ಎದುರಿಗೆ ಸೈಕಲ್ಲಲ್ಲೇ ಬಂದ ಹಾಲಿನವರೊಬ್ಬರು "ಎತ್ತು ಚಾಲ್ದು ಸಾರ್!" ಎಂದು ಕೂಗಿದರು. ಮೈಸೂರು ಕಡೆಯವನಾದ, ತೆಲುಗು ಬಾರದ ನಾನು, ಹಿಂದಿನಿಂದ ಎತ್ತು ನುಗ್ಗಿತೆಂದು ಹಾರಿದೆ!

"ಅಯ್ಯೋ, ತೆಲುಗಲ್ಲಿ ಎತ್ತು ಅಂದ್ರೆ ಎತ್ತರ ಸಾರ್! ಹ್ಯಾಂಡಲ್ ಎತ್ತರ ಸಾಲ್ದು ಅಂದೆ. ಹಿಂಗೆ ಬಗ್ಗಿ ತುಳಿದ್ರೆ ಕತ್ತು ನೋಯಲ್ವಾ?"

"ನೋವು ತಾಳಲಾರದೇ ಇದನ್ನ ಮಾರೋಕೆ ಹೊರಟಿದ್ದೀನಪ್ಪ."

"ತಡೀರಿ" ಎಂದವರೇ ತಮ್ಮ ಸ್ಪ್ಯಾನರ್ ತೆಗೆದು, ಬೋಲ್ಟ್ ಸಡಿಲಿಸಿ, ಹ್ಯಾಂಡಲ್ಲನ್ನು ಸೀಟಿಗಿಂತ ಮೇಲಕ್ಕೆಳೆದು ಬಿಗಿದರು. ನೆಟ್ಟಗೆ ಕೂತು ತುಳಿದೆ; ಕತ್ತು ತಕರಾರು ಮಾಡಲಿಲ್ಲ. ಗುಜರಿ ಅಂಗಡಿಯ ಮುಂದೆ ಬೆಲ್ ಹೊಡೆಯುತ್ತಲೇ ದಾಟಿಹೋದೆ. ಆ ಪುಣ್ಯಾತ್ಮರು ತಣ್ಣಗಿರಲಿ. ಅಂದು ಯುಗಾದಿಯ ಮಾರನೆಯ ದಿನ, ಹೊಸತೊಡಕು; ಆ ದಿನ ಮಾಡಿದ್ದು ವರ್ಷವಿಡೀ ನಡೆಯುತ್ತದಂತೆ. ನಾನಂತೂ ಇನ್ನೂ ತುಳಿಯುತ್ತಿದ್ದೇನೆ.