ಮೇಲಿನ ಮನೆಯ ತಗಡು

ಬೆಳಗಿನ ಐದೂವರೆ. ಫುಸಾಯೆ ಇವಾಶಿತಾ ಮನೆಯ ಅಟ್ಟದ ಮೇಲೆ ನಿಂತು ತಗಡಿನ ಸೂರಿಗೆ ಭುಜ ಕೊಟ್ಟು ತಳ್ಳುತ್ತಿದ್ದಾರೆ. ಅವರಿಗೆ ಎಪ್ಪತ್ತೆಂಟು ವರ್ಷ. ಗಾಲಿಗಳು ಹಳಿಯ ಮೇಲೆ ಕಿರುಗುಟ್ಟುತ್ತ ಉರುಳಿ ಇಡೀ ಸೂರು ಪಕ್ಕಕ್ಕೆ ಸರಿಯುತ್ತದೆ. ಕೆಳಗೆ ಹರಡಿದ ಕಾಫಿ ಬೀಜಕ್ಕೆ ಗಾಳಿ ತಾಗುತ್ತದೆ. ಬಿಸಿಲಿಗೆ ತೆರೆದು ಮಳೆಗೆ ಮುಚ್ಚುವ ಈ ಕಣಕ್ಕೆ ನಮ್ಮ ಕೋನಾ ಸೀಮೆಯಲ್ಲಿ ಹೋಶಿದಾನ ಎನ್ನುತ್ತಾರೆ. ಸೂರ್ಯ ಬೆಟ್ಟ ದಾಟಿ ಈಚೆಗೆ ಬರಲು ಇನ್ನೂ ಎರಡು ತಾಸು ಬೇಕು. ಇಷ್ಟು ಬೇಗ ಯಾಕೆ ಎಂದರೆ, "ಗಾಳಿಗೇನು ಸಂಬಳ ಕೊಡ್ಬೇಕಾ? ಬಂದಷ್ಟು ಬರ್ಲಿ" ಎನ್ನುತ್ತಾರೆ.

ಇವತ್ತು ಈ ಬೀಜಕ್ಕೆ ಎಂಟನೇ ದಿನ. ಸಂಜೆಯೊಳಗೆ ಒಣಗಿದರೆ ಗೆದ್ದಂತೆ. ಇದಕ್ಕೂ ಮುಂಚೆ ಹರಡಿದ್ದ ಬೀಜ ನೆನೆದು ಹನ್ನೊಂದು ಚೀಲ ಗಿರಣಿಯಿಂದ ವಾಪಸು ಬಂದಿದೆ. ಇನ್ನೊಮ್ಮೆ ಹಸಿ ಬೀಜ ತಂದರೆ ಮುಂದೆ ಹಣ್ಣನ್ನೇ ತಂದು ಸುರಿಯಿರಿ, ನಮ್ಮ ಯಂತ್ರದಲ್ಲೇ ಒಣಗಿಸುತ್ತೇವೆ ಎಂದು ಗಿರಣಿಯವನು ಹೇಳಿ ಕಳಿಸಿದ್ದಾನೆ. "ಆಮೇಲೆ ಈ ಸೂರು ಕೋಳಿಗೂಡಿಗೆ," ಎನ್ನುತ್ತ ಫುಸಾಯೆ ಮರದ ಕುಂಟೆ ಹಿಡಿದು ಬೀಜ ಹರಗುತ್ತಾರೆ. ಅರ್ಧ ಗಂಟೆಗೊಮ್ಮೆ ಹರಗಬೇಕು. ಒಂದು ಮಾತು ಮುಗಿಯುವಷ್ಟರಲ್ಲಿ ಮೂರು ಸಲ ಬೆಟ್ಟದ ಕಡೆ ನೋಡುತ್ತಾರೆ.

ಇವರ ಅಜ್ಜ ಕಡಲಾಚೆಯ ಕುಮಾಮೋತೋದಿಂದ ಕಬ್ಬಿನ ತೋಟದ ಕೂಲಿಗೆ ಬಂದವರು. ಕರಾರು ಮುಗಿಯುವ ಮೊದಲೇ ಬೆಟ್ಟ ದಾಟಿ ಓಡಿಬಂದು, ಹೆಸರು ಬದಲಿಸಿಕೊಂಡು, ಇಲ್ಲಿ ಐದು ಎಕರೆ ಗೇಣಿಗೆ ಹಿಡಿದರು. ಬೆಲೆ ಬಿತ್ತೆಂದು ದೊಡ್ಡ ಧಣಿಗಳು ಕೈಬಿಟ್ಟ ಕಾಫಿಯನ್ನು ಉಳಿಸಿದ್ದು ಇಂಥ ಓಡಿಬಂದವರ ಮನೆಗಳು. ಲಾವಾ ಕಲ್ಲಿನ ಸಂದಿಗೆ ಹಾರೆ ಹಾಕಿ ಗಿಡ ನೆಟ್ಟರು. ಅಂಗಡಿ, ಗಿರಣಿ, ಚೀಲ ಹೊರುವ ಕತ್ತೆ ಎಲ್ಲ ಅವರ ಹಿಂದೆ ಬಂದವು. ಶಾಲೆಯ ರಜೆ ಕೂಡ ಬೇಸಿಗೆ ಬಿಟ್ಟು ಕೊಯ್ಲಿನ ತಿಂಗಳಿಗೆ ಹೋಯಿತು. ಈಗ ಪೇಟೆಯಲ್ಲಿ ಹೋಶಿದಾನದ ಚಿತ್ರ ಹಾಕಿ ಪೊಟ್ಟಣ ಮಾರುತ್ತಾರೆ. ಎಷ್ಟೋ ಪೊಟ್ಟಣದೊಳಗೆ ನಮ್ಮ ಬೀಜ ಹತ್ತರಲ್ಲಿ ಒಂದು ಪಾಲು, ಉಳಿದದ್ದು ಹೊರಗಿನದು. ಚಿತ್ರದಲ್ಲಿರುವ ಸೂರನ್ನು ದಿನಕ್ಕೆ ಆರು ಸಲ ತಳ್ಳುವವರು ಯಾರೆಂದು ಒಬ್ಬನೂ ಕೇಳುವುದಿಲ್ಲ. ನಾಚಿಕೆಗೆಟ್ಟ ವ್ಯಾಪಾರ.

ಇಲ್ಲಿ ಮಳೆ ಬೆಟ್ಟದಿಂದ ಇಳಿದು ಬರುತ್ತದೆ. ಮೊದಲು ಮೇಲಿನ ಮನೆಯ ತಗಡು ಸದ್ದು ಮಾಡುತ್ತದೆ. ಅಲ್ಲಿಂದ ಇಲ್ಲಿಗೆ ಬರಲು ಮಳೆಗೆ ಎರಡು ನಿಮಿಷ ಬೇಕು. ಸೂರು ಮುಚ್ಚಲು ಅಷ್ಟು ಸಾಕು. ಈ ಮನೆಯವರು ಮೂರು ತಲೆಮಾರು ಕಿವಿಯಿಂದಲೇ ಕಣ ಕಾದಿದ್ದಾರೆ. ಹೋದ ತಿಂಗಳು ಮೇಲಿನ ಮನೆ ಕರ್ಟಿಸ್ ಎಂಬ ಹೊರಗಿನವನಿಗೆ ಮಾರಾಟವಾಯಿತು. ಅವನು ತಗಡು ಕಿತ್ತು, ಸದ್ದು ಮಾಡದ ಟಾರು ಹಾಳೆ ಹೊದಿಸಿದ.

"ಕಣ್ಣಲ್ಲೇ ಕಾಯ್ತಿದ್ದೆ," ಎನ್ನುತ್ತಾರೆ ಫುಸಾಯೆ. "ಒಂದಿನ ಮರೆತು ಊಟಕ್ಕೆ ಕೂತ್ಬಿಟ್ಟೆ. ಕಿವಿ ಕಾಯ್ತಾ ಇದ್ಯಲ್ಲ ಅನ್ಕೊಂಡೆ. ಎದ್ದು ಬರೋಷ್ಟ್ರಲ್ಲಿ ಬೀಜ ತೇಲ್ತಿತ್ತು."

ಅಂದಿನಿಂದ ಅವರು ಕೂತು ಉಂಡಿಲ್ಲ. ಈ ಮಧ್ಯಾಹ್ನವೂ ಅನ್ನದ ಬಟ್ಟಲು ಹಿಡಿದು ನಿಂತೇ ಇದ್ದಾರೆ. ಒಂದು ಕಿವಿ ಕೇಳದ ತಮ್ಮ ಯೋಶಿಯೋ ಮೆಟ್ಟಿಲ ಮೇಲೆ ಕೂತು ರೇಗಿಸುತ್ತಾರೆ.

"ಅಕ್ಕಾ, ಮೇಲೆ ಹೋಗಿ ಒಂದು ತಗಡು ಇಟ್ಕೊಳಪ್ಪಾ ಅಂತ ಕೇಳು. ಬಾಯಿ ಸವೆಯುತ್ತಾ?"

"ನಮ್ಮ ಕಾಫಿಗೆ ಅವನ್ಯಾಕೆ ಸದ್ದು ಸಹಿಸ್ಬೇಕು? ಅಪ್ಪ ಯಾರ ಬಾಗಿಲಿಗೂ ಹೋದೋರಲ್ಲ."

"ಅಪ್ಪಂಗೆ ಹೋಗೋ ಅಗತ್ಯ ಎಲ್ಲಿತ್ತು? ಮೇಲೆ ತಗಡಿತ್ತು."

ಫುಸಾಯೆ ಬಟ್ಟಲು ಕೆಳಗಿಡುತ್ತಾರೆ. ಕೋಳಿಗೂಡಿನ ಹಳೆ ತಗಡೊಂದನ್ನು ಕಂಕುಳಿಗೆ ಸಿಕ್ಕಿಸಿ, ಒಂದು ಪೊಟ್ಟಣ ಕಾಫಿ ಹಿಡಿದು ಹೊರಡುತ್ತಾರೆ. "ನೀನು ಮೇಲೇ ನೋಡ್ತಿರು. ಕಿವಿ ನಂಬ್ಬೇಡ."

"ನನ್ನ ಕಿವೀನ ನಾನೇ ನಂಬಲ್ಲ."

ಮೇಲಿನ ಮನೆಯ ಕರ್ಟಿಸ್ ತಗಡು ನೋಡಿ ಮುಖ ಗಂಟಿಕ್ಕುತ್ತಾನೆ. "ಈ ಗದ್ದಲಕ್ಕೆ ನಿದ್ದೆ ಬರಲ್ಲ ಅಂತಾನೇ ತೆಗೆಸಿದ್ದು, ಆಂಟಿ. ವಾಪಸ್ ತರ್ತಿದೀರಲ್ಲ."

"ಮನೆ ಮೇಲೆ ಬೇಡಪ್ಪಾ. ಆ ಕಲ್ಲಿನ ಗೋಡೆ ಮೇಲೆ. ಮಳೆ ಬಂದಿದ್ದು ಕೆಳಗೆ ನಮಗೆ ಕೇಳಿದ್ರೆ ಸಾಕು. ಕೊಯ್ಲು ಮುಗಿದ ದಿನ ನಾನೇ ಹೊತ್ಕೊಂಡು ಹೋಗ್ತೀನಿ."

"ನೋಡೋಣ" ಎಂದು ಅವನು ಒಳಗೆ ಹೋಗುತ್ತಾನೆ. ತಗಡನ್ನು ಅಂಗಳದಲ್ಲೇ ಒರಗಿಸಿ, ಕಾಫಿ ಪೊಟ್ಟಣ ಪಕ್ಕದಲ್ಲಿಟ್ಟು ಫುಸಾಯೆ ಇಳಿದು ಬರುತ್ತಾರೆ. "ಕೇಳ್ಬಾರ್ದಿತ್ತು," ಎಂದು ನಾಲ್ಕು ಸಲ ಹೇಳುತ್ತಾರೆ.

ಎರಡೂವರೆಗೆ ಮೋಡ ಬೆಟ್ಟದ ಮರಗಳನ್ನು ನುಂಗಿದೆ. ಎಲ್ಲಿ ಮಳೆ, ಎಲ್ಲಿ ಮಂಜು ಎಂದು ಕಣ್ಣಿಗೆ ತಿಳಿಯುವುದಿಲ್ಲ. ಫುಸಾಯೆ ಅಟ್ಟದ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದಾರೆ. ಆಗ ಮೇಲಿನಿಂದ ತಟಪಟ ಸದ್ದು ಬರುತ್ತದೆ.

"ಯೋಶಿ, ತಳ್ಳೋ."

ಇಬ್ಬರೂ ಭುಜ ಕೊಡುತ್ತಾರೆ. ಕೊನೆಯ ಗೇಣು ಮುಚ್ಚಿದ ಮೇಲೆ ಮಳೆ ಸೂರಿನ ಮೇಲೆ ಬೀಳುತ್ತದೆ. ಫುಸಾಯೆ ಒಂದು ಬೀಜ ಆರಿಸಿ ಹಲ್ಲಿಗಿಟ್ಟು ಕಡಿಯುತ್ತಾರೆ. ಕಟಕ್ಕೆನ್ನುತ್ತದೆ. ಒಣಗಿದೆ.

ಮಳೆ ತೆಳುವಾದಾಗ ಮೇಲಿನ ಕಲ್ಲಿನ ಗೋಡೆ ಕಾಣುತ್ತದೆ. ಅದರ ಮೇಲೆ ಕೋಳಿಗೂಡಿನ ತಗಡು, ತಗಡಿನ ನಡುವೆ ಹಾರದಂತೆ ಎರಡು ಕಪ್ಪು ಕಲ್ಲು. ಫುಸಾಯೆ ತಣ್ಣಗಾದ ಅನ್ನದ ಬಟ್ಟಲು ತೆಗೆದುಕೊಂಡು, ಹತ್ತು ದಿನದ ನಂತರ, ಮೆಟ್ಟಿಲ ಮೇಲೆ ಕೂರುತ್ತಾರೆ. ಅವರ ಕಣ್ಣು ಮಾತ್ರ ಮೇಲೆಯೇ ಇದೆ.

"ಕಲ್ಲು ನಡುವೆ ಇಟ್ಟವ್ನೆ, ಸದ್ದು ಸತ್ತೋಗುತ್ತೆ," ಎನ್ನುತ್ತಾರೆ. "ಅಂಚಿಗೆ ಇಡ್ಬೇಕು. ನಾಳೆ ಹೋಗಿ ಹೇಳ್ಕೊಡ್ತೀನಿ."